ಒಂದು ಮದುವೆ, ಹನ್ನೆರಡು ಡಿವಿಡಿ

ಕೃಷ್ಣರಾಜನಗರ, ಪಿರಿಯಾಪಟ್ಟಣದ ಕಡೆಯ ಮದುವೆ ಒಂದು ಡಿವಿಡಿಗೆ ಹಿಡಿಸುವಂಥದ್ದಲ್ಲ. ಚಪ್ಪರ, ಆರತಕ್ಷತೆ, ಧಾರೆ, ಬೀಗರ ಊಟ ಎಲ್ಲ ಕೂಡಿದರೆ ಏಳೆಂಟು ಗಂಟೆಯ ವಿಡಿಯೊ. 4.7 ಜಿಬಿಯ ಡಿವಿಡಿಯಲ್ಲಿ ಕಣ್ಣಿಗೊಪ್ಪುವಂತೆ ಕೂರುವುದು ಸುಮಾರು ಎರಡು ಗಂಟೆ. ಅಲ್ಲಿಗೆ ಒಂದು ಸೆಟ್ಟಿಗೆ ನಾಲ್ಕು. ಹೆಣ್ಣಿನವರಿಗೊಂದು ಸೆಟ್ಟು, ಗಂಡಿನವರಿಗೊಂದು, ಬೆಂಗಳೂರಿನ ಸೋದರಮಾವನಿಗೊಂದು ಎಂದರೆ ಹನ್ನೆರಡು. ಪೆನ್‌ಡ್ರೈವ್ ಕಾಲ ಬರುವ ಮುನ್ನ ಸಣ್ಣ ಸ್ಟುಡಿಯೊಗಳು ಎಡಿಟಿಂಗ್ ಮಾಡಿದ ಲ್ಯಾಪ್‌ಟಾಪಿನಲ್ಲೇ ಅಷ್ಟನ್ನೂ ರೈಟ್ ಮಾಡಿ ಕೊಡುವುದು ಸಾಮಾನ್ಯವಾಗಿತ್ತು.

ಈ ರೂಢಿಯನ್ನು ಸುಮ್ಮನೆ ಬೈದುಬಿಡುವಂತಿಲ್ಲ. ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದ ಊರಿನಲ್ಲಿ ಲ್ಯಾಪ್‌ಟಾಪಿನ ಬ್ಯಾಟರಿಯೇ ಯುಪಿಎಸ್. ಡಿವಿಡಿ-ಆರ್ ಅರ್ಧಕ್ಕೆ ನಿಂತರೆ ಕಸದಬುಟ್ಟಿಗೇ ಹೋಗಬೇಕು, ಅಳಿಸಿ ಮತ್ತೆ ಬರೆಯಲು ಬರುವುದಿಲ್ಲ. ಒಂದೆರಡು ಡಿಸ್ಕಿನ ಮಟ್ಟಿಗೆ ಲ್ಯಾಪ್‌ಟಾಪಿನ ಡ್ರೈವಿಗೆ ಪೂರ್ತಿ ಅಂಕ ಕೊಡಬಹುದು.

ತಕರಾರು ಶುರುವಾಗುವುದು ಅಲ್ಲಿಂದ ಮುಂದೆ. 9.5 ಅಥವಾ 12.7 ಮಿ.ಮೀ. ದಪ್ಪದ ಆ ಡ್ರೈವಿನಲ್ಲಿ ಲೇಸರ್, ಮಸೂರ, ಮೋಟಾರು ಮೂರೂ ಹೊರಗೆ ಬರುವ ಟ್ರೇಯ ಮೇಲೇ ಕೂತಿರುತ್ತವೆ. ತೆರೆದಾಗಲೆಲ್ಲ ಮಸೂರ ಧೂಳಿಗೆ ಮುಖವೊಡ್ಡುತ್ತದೆ, ಹಿಂದಿನ ರಿಬ್ಬನ್ ಕೇಬಲ್ಲು ಮಡಚಿ ಬಿಚ್ಚಿಕೊಳ್ಳುತ್ತದೆ, ಡಿಸ್ಕನ್ನು ಬೆರಳಿನಿಂದ ಅದುಮಿ ಕೂರಿಸಬೇಕು. ಡಿಸ್ಕಿನೊಳಗಿನ ಬಣ್ಣದ ಪದರವನ್ನು ಕಾಯಿಸಿ ಗುರುತು ಮಾಡಬೇಕಾದ್ದರಿಂದ, ಬರೆಯುವಾಗ ಲೇಸರಿಗೆ ಓದುವಾಗಿನದಕ್ಕಿಂತ ಹಲವು ಪಟ್ಟು ಶಕ್ತಿ ಬೇಕು. ಅದರ ಜೊತೆಗೆ ಪ್ರೊಸೆಸರಿನ ಬಿಸಿ, ಹಾರ್ಡ್‌ಡಿಸ್ಕಿನ ಬಿಸಿ. ಗಾಳಿಯಾಡಲು ಜಾಗವೇ ಇಲ್ಲ. ಬಿಡುವಿಲ್ಲದೆ ಹನ್ನೆರಡು ಬರೆಯಿಸುವುದೆಂದರೆ ಮೊಪೆಡ್ಡಿನ ಮೇಲೆ ಕಬ್ಬಿನ ಲೋಡು ಹೇರಿದ ಹಾಗೆ.

ಇನ್ನು ಹೊತ್ತಿನ ಲೆಕ್ಕ. ಇಂಥ ಡ್ರೈವುಗಳ ಗರಿಷ್ಠ ವೇಗ ಸಾಮಾನ್ಯವಾಗಿ 8ಎಕ್ಸ್. ತುಂಬಿದ ಡಿಸ್ಕಿಗೆ ಹತ್ತು ನಿಮಿಷದ ಆಸುಪಾಸು, ಬರೆದದ್ದನ್ನು ಓದಿ ತಾಳೆ ನೋಡುವ ‘ವೆರಿಫೈ’ಗೆ ಹೆಚ್ಚೂಕಡಿಮೆ ಮತ್ತಷ್ಟೇ. ಹನ್ನೆರಡಕ್ಕೆ ಮೂರೂವರೆ ನಾಲ್ಕು ಗಂಟೆ. ಬೀಗರು ಬಾಗಿಲಲ್ಲಿ ನಿಂತಿರುವಾಗ ಮೊದಲು ಕತ್ತರಿ ಬೀಳುವುದು ವೆರಿಫೈಗೆ. ಈ ಇಡೀ ರೂಢಿಯಲ್ಲಿ ಕ್ಷಮಿಸಲಾಗದ ತಪ್ಪು ಇದೊಂದೇ. ಡಿಸ್ಕು ನೋಡಲು ಹೊಸದಾಗಿಯೇ ಇರುತ್ತದೆ, ಮನೆಯ ಪ್ಲೇಯರಿನಲ್ಲಿ ಮಾಂಗಲ್ಯಧಾರಣೆಯ ಹೊತ್ತಿಗೇ ಚಿತ್ರ ಚೌಕಚೌಕವಾಗಿ ಒಡೆದು ನಿಲ್ಲುತ್ತದೆ.

ನಿಧಾನವಾಗಿ ಬರೆದಷ್ಟೂ ಒಳ್ಳೆಯದೆಂಬ ನಂಬಿಕೆಯೂ ಅರ್ಧ ಸತ್ಯ. 16ಎಕ್ಸ್‌ಗೆಂದು ತಯಾರಾದ ಡಿಸ್ಕಿಗೆ ತೀರಾ ಕಡಿಮೆ ವೇಗ ಒಗ್ಗದಿರಬಹುದು. 4ಎಕ್ಸ್ ಅಥವಾ 8ಎಕ್ಸ್ ಸಾಕು. ಅದಕ್ಕಿಂತ ಮುಖ್ಯವಾದದ್ದು, ಪ್ರತಿ ಪ್ರತಿಗೂ ಸಾಫ್ಟ್‌ವೇರಿನಿಂದ ವಿಡಿಯೊವನ್ನು ಹೊಸದಾಗಿ ಪರಿವರ್ತಿಸದಿರುವುದು. ಒಮ್ಮೆ ಇಡೀ ಡಿಸ್ಕಿನ ಪಡಿಯಚ್ಚಾದ ಐಎಸ್‌ಒ ಇಮೇಜ್ ಮಾಡಿಟ್ಟುಕೊಂಡು ಇಮ್ಗ್‌ಬರ್ನ್‌ನಂಥ ಉಚಿತ ತಂತ್ರಾಂಶದಿಂದ ಬರೆದರೆ ಪ್ರೊಸೆಸರೂ ತಣ್ಣಗಿರುತ್ತದೆ, ಪ್ರತಿಗಳೆಲ್ಲ ಒಂದೇ ತೆರನಾಗಿರುತ್ತವೆ.

ಕೊನೆಗೆ ಅಂಟಿಸುವ ವಧೂವರರ ಫೋಟೊ ಸ್ಟಿಕ್ಕರ್! ಕಾಗದ ಒಂದು ಪಕ್ಕಕ್ಕೆ ಸರಿದಿದ್ದರೆ ತಿರುಗುವ ಡಿಸ್ಕು ಅದುರುತ್ತದೆ, ತೇವಕ್ಕೆ ಅಂಚು ಎದ್ದರೆ ಪ್ಲೇಯರಿನೊಳಗೇ ಸಿಕ್ಕಿಕೊಳ್ಳುತ್ತದೆ.

ಮದುವೆಯ ಡಿಸ್ಕು ಕೆಟ್ಟಾಗ ‘ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿ ಇನ್ನೂ ಓಡುತ್ತಲ್ಲ’ ಎನ್ನುವ ದೂರು ಮಾತ್ರ ನ್ಯಾಯವಲ್ಲ. ಮೋಸರ್ ಬೇರ್‌ನಂಥ ಕಂಪನಿಗಳು ಅಗ್ಗದಲ್ಲಿ ಮಾರಿದ ಸಿನಿಮಾ ಡಿಸ್ಕುಗಳು ಅಚ್ಚೊತ್ತಿದವು, ಅವುಗಳಲ್ಲಿ ಮಾಸುವ ಬಣ್ಣದ ಪದರವಿಲ್ಲ. ಖಾಲಿ ಡಿಸ್ಕುಗಳನ್ನೂ ಮಾಡುತ್ತಿದ್ದ ಅದೇ ಕಂಪನಿ 2018ರಲ್ಲಿ ದಿವಾಳಿಯಾಗಿ ಮುಚ್ಚಿಹೋಯಿತು. ಹೊಸ ಲ್ಯಾಪ್‌ಟಾಪುಗಳಲ್ಲಿ ಆ ಟ್ರೇಯೇ ಅಪರೂಪ.

ಈಗಲೂ ಹತ್ತಾರು ಪ್ರತಿ ಬೇಕೆಂದರೆ ಡೆಸ್ಕ್‌ಟಾಪಿನ ಡ್ರೈವೇ ಸರಿ, ಹೆಚ್ಚಾದರೆ ಒಟ್ಟಿಗೇ ಹಲವು ಡಿಸ್ಕು ಬರೆಯುವ ಡುಪ್ಲಿಕೇಟರ್. ಲ್ಯಾಪ್‌ಟಾಪೇ ಗತಿ ಎಂದಾದರೆ ಎರಡು ಡಿಸ್ಕಿಗೊಮ್ಮೆ ಬಿಡುವು ಕೊಡಿ, ವೆರಿಫೈ ಬಿಡಬೇಡಿ. ಬೀರುವಿನಲ್ಲಿ ಹಳೆಯ ಮದುವೆ ಡಿವಿಡಿ ಇಟ್ಟುಕೊಂಡವರು ಅದನ್ನು ಓದುವ ಡ್ರೈವು ಕೈಗೆ ಸಿಗುತ್ತಿರುವಾಗಲೇ ಹಾರ್ಡ್‌ಡಿಸ್ಕಿಗೆ ಇಳಿಸಿಕೊಳ್ಳಿ. ಇನ್ನೊಂದು ಪ್ರತಿಯನ್ನು ಬೀಗರ ಮನೆಯಲ್ಲೂ ಇಡಿ.