ಕೊನೆಯ ಐಟಂ ಯಾವುದಿರಬೇಕು?

ವಲ್ಲಾರ್ಪಾಡಂನ ಕಂಟೇನರ್ ಟರ್ಮಿನಲ್ಲಿನಲ್ಲಿ ಕೆಲಸ ಮಾಡುವ ಕನ್ನಡಿಗರೊಬ್ಬರು ಪತ್ರ ಬರೆದಿದ್ದಾರೆ. ಹವ್ಯಾಸಕ್ಕೆಂದು ಮೆಂಟಲಿಸಂ, ಅಂದರೆ ಮನಸ್ಸನ್ನು ಓದಿದಂತೆ ತೋರಿಸುವ ಜಾದೂ, ಕಲಿತವರು. ಎರ್ನಾಕುಲಂನ ಕನ್ನಡ ಕುಟುಂಬಗಳು ಸೇರುವ ಯುಗಾದಿ ಕೂಟದಲ್ಲಿ ಒಂದು ಪ್ರದರ್ಶನ ಒಪ್ಪಿಕೊಂಡಿದ್ದಾರೆ. ಅದನ್ನೇ ಆಮೇಲೆ ಟರ್ಮಿನಲ್ಲಿನ ಸಹೋದ್ಯೋಗಿಗಳ ಮುಂದೆ ಮಲಯಾಳದಲ್ಲಿ ಮಾಡಬೇಕಂತೆ. ಆರಂಭ, ನಡುಭಾಗ ಎಲ್ಲ ಸಿದ್ಧವಾಗಿದೆ, ಕೊನೆಯ ಐಟಂ ಮಾತ್ರ ತೀರ್ಮಾನವಾಗಿಲ್ಲ. ಮೂರನ್ನು ಯೋಚಿಸಿದ್ದಾರೆ: ಅಂದಿನ ಕೇರಳ ಲಾಟರಿಯ ಮೊದಲ ಬಹುಮಾನದ ಸಂಖ್ಯೆಯನ್ನು ಮುಂಚೆಯೇ ಬರೆದಿಟ್ಟಿದ್ದೆನೆಂದು ತೋರಿಸುವುದು, ಅಡ್ಡ, ಉದ್ದ ಹೇಗೆ ಕೂಡಿದರೂ ಸಭೆಯವರು ಕೇಳಿದ ಮೊತ್ತವೇ ಬರುವ ಮಾಯಾಚೌಕ ತುಂಬುವುದು, ನಾಲ್ಕು ಕಾಗದದ ಲೋಟಗಳಲ್ಲಿ ಒಂದರಡಿ ಮೊಳೆ ನಿಲ್ಲಿಸಿ ಉಳಿದ ಮೂರನ್ನು ಅಂಗೈಯಿಂದ ಬಡಿದು ಚಪ್ಪಟೆ ಮಾಡುವುದು. ಯಾವುದರಿಂದ ಮುಗಿಸಲಿ ಎಂಬುದು ಅವರ ಪ್ರಶ್ನೆ.

ಈ ಮೂರರಲ್ಲಿ ಯಾವುದೂ ಬೇಡ ಎನ್ನುತ್ತೇನೆ. ಹಾಗೆನ್ನುವುದಕ್ಕೆ ಕಾರಣ ಕೊಡಬೇಕಲ್ಲ.

ಮೊಳೆಯ ವಿಚಾರವನ್ನು ಮೊದಲು ಮುಗಿಸಿಬಿಡೋಣ. 2016ರಲ್ಲಿ ಪೋಲೆಂಡಿನ ಟಿವಿಯ ಬೆಳಗಿನ ಕಾರ್ಯಕ್ರಮವೊಂದರಲ್ಲಿ ಇಂಥದೇ ಆಟ ನಡೆಯುತ್ತಿದ್ದಾಗ ನಿರೂಪಕಿಯ ಅಂಗೈಗೇ ಮೊಳೆ ಚುಚ್ಚಿಕೊಂಡಿತು. ಕಲಾವಿದನನ್ನು ನಂಬಿ ಕೈ ಕೊಟ್ಟವರಿಗೆ ಆದ ನೋವು ಅದು. ಆಟ ಸರಿಯಾಗಿಯೇ ಮುಗಿದರೂ ಸಭೆಗೆ ಸಿಗುವುದು ಗಂಡಾಂತರ ಕಳೆಯಿತೆಂಬ ನಿಟ್ಟುಸಿರು. ಒಂದು ಸಂಜೆಯಿಡೀ ಮನಸ್ಸಿನ ಕುತೂಹಲವನ್ನು ಬೆಳೆಸಿ, ಕೊನೆಗೆ ರಕ್ತದ ಭಯ ಹುಟ್ಟಿಸಿ ಕಳಿಸಿದರೆ ಮೊದಲು ಕಟ್ಟಿದ್ದೆಲ್ಲ ಕುಸಿಯುತ್ತದೆ. ಮಕ್ಕಳಿರುವ ಕೂಟದಲ್ಲಂತೂ ಇದನ್ನು ಮಾಡಲೇಬಾರದು. ಮರುದಿನ ಮನೆಯಲ್ಲಿ ಯಾವ ಹುಡುಗ ಯಾವ ಲೋಟದಡಿ ಏನಿಟ್ಟು ಬಡಿಯುತ್ತಾನೋ ಹೇಳಲಾಗದು.

ಲಾಟರಿಯ ಆಸೆ ಯಾಕೆ ಹುಟ್ಟಿತೆಂದು ಊಹಿಸಬಲ್ಲೆ. ಕೇರಳದಲ್ಲಿ ಲಾಟರಿ ದಿನನಿತ್ಯದ ಮಾತು. 1967ರಲ್ಲಿ ಸರ್ಕಾರವೇ ಅದಕ್ಕೊಂದು ಇಲಾಖೆ ಮಾಡಿತು; 1968ರ ಜನವರಿ 26ರಂದು ಮೊದಲ ಡ್ರಾ ನಡೆಯಿತು. ಟಿಕೆಟ್ಟಿಗೆ ಒಂದು ರೂಪಾಯಿ, ಮೊದಲ ಬಹುಮಾನ 50,000 ರೂಪಾಯಿ. ಈಗ ತಿರುವನಂತಪುರದ ಗೋರ್ಕಿ ಭವನದಲ್ಲಿ ಮಧ್ಯಾಹ್ನ ಮೂರಕ್ಕೆ ಡ್ರಾ ಎತ್ತುತ್ತಾರೆ, ಸಂಜೆಯೊಳಗೆ ಕೂಲಿಯವರಿಂದ ಗುಮಾಸ್ತರವರೆಗೆ ಎಲ್ಲರ ಕೈಯಲ್ಲೂ ಫಲಿತಾಂಶ ಇರುತ್ತದೆ. ಅಂಥ ಊರಿನಲ್ಲಿ, ಬೀಗ ಹಾಕಿದ ಪೆಟ್ಟಿಗೆಯಿಂದ ಅಂದಿನ ಸಂಖ್ಯೆ ಹೊರಬಂದರೆ ಗದ್ದಲ ಏಳುವುದು ಖಂಡಿತ. ಆದರೆ ಆ ಗದ್ದಲದ ಹಿಂದೆಯೇ ಒಂದು ಪ್ರಶ್ನೆ ಬರುತ್ತದೆ: ಮೊದಲೇ ಗೊತ್ತಿದ್ದರೆ ನೀನೇ ಯಾಕೆ ಟಿಕೆಟ್ ಕೊಳ್ಳಲಿಲ್ಲ? ಇದಕ್ಕೆ ರಂಗದ ಮೇಲೆ ನಿಂತು ಕೊಡಬಹುದಾದ ಗೌರವದ ಉತ್ತರವಿಲ್ಲ.

ಇಂಗ್ಲೆಂಡಿನ ಡೆರೆನ್ ಬ್ರೌನ್ ಅವರಂಥ ಪಳಗಿದ ಕಲಾವಿದರಿಗೂ ಇದು ಸಲೀಸಾಗಲಿಲ್ಲ. 2009ರ ಸೆಪ್ಟೆಂಬರ್ 9ರಂದು ಅವರು ನೇರ ಪ್ರಸಾರದಲ್ಲಿ ರಾಷ್ಟ್ರೀಯ ಲಾಟರಿಯ ಆರು ಸಂಖ್ಯೆಗಳನ್ನೂ ತೋರಿಸಿದರು. ಆದರೆ ಚೆಂಡುಗಳನ್ನು ವೀಕ್ಷಕರ ಕಡೆಗೆ ತಿರುಗಿಸಿದ್ದು ಡ್ರಾ ಮುಗಿದ ಮೇಲೆ. ಎರಡು ದಿನ ಬಿಟ್ಟು, ಹಲವರ ಊಹೆಗಳ ಸರಾಸರಿಯಿಂದ ಸಂಖ್ಯೆ ಸಿಕ್ಕಿತೆಂಬ ವಿವರಣೆ ಕೊಟ್ಟರು. ಬಹಳ ಮಂದಿ ಅದನ್ನು ಒಪ್ಪಲಿಲ್ಲ. ಬೆರಗು ಹುಟ್ಟಬೇಕಿದ್ದಲ್ಲಿ ವಾದ ಹುಟ್ಟಿತು. ನನ್ನ ತಕರಾರು ಇನ್ನೂ ಒಂದಿದೆ. ದಿನದ ಸಂಪಾದನೆಯಲ್ಲಿ ಒಂದು ಪಾಲನ್ನು ಟಿಕೆಟ್ಟಿಗೆ ಹಾಕಿ ಕಾಯುವವರು ಸಭೆಯಲ್ಲೇ ಕುಳಿತಿರುತ್ತಾರೆ. ಮರುದಿನ ಅವರಲ್ಲೊಬ್ಬರು ನಿಮ್ಮನ್ನು ಹುಡುಕಿಕೊಂಡು ಬಂದು ನಾಳೆಯ ನಂಬರ್ ಕೇಳಿದರೆ? ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಲ್ಲಿಸಿದ್ದರ ಹಿಂದೆ ಎಂಥ ಸಂಸಾರಗಳ ಕಥೆಗಳಿದ್ದವು ಎಂಬುದು ನಮ್ಮ ಹಿರಿಯ ಓದುಗರಿಗೆ ನೆನಪಿದ್ದೀತು.

ಉಳಿದದ್ದು ಮಾಯಾಚೌಕ. ಇದು ಒಳ್ಳೆಯ ಐಟಂ, ಆದರೆ ಕೊನೆಯಲ್ಲಿಡುವಂಥದಲ್ಲ. ಏಕೆಂದು ಹೇಳಲು ನಮ್ಮ ಅವಧಾನಕ್ಕೆ ಹೋಗಬೇಕು.

ಅಷ್ಟಾವಧಾನದಲ್ಲಿ ಒಬ್ಬ ಅವಧಾನಿ, ಅವರನ್ನು ಪ್ರಶ್ನೆಗಳಿಂದ ಪರೀಕ್ಷಿಸುವ ಎಂಟು ಮಂದಿ ಪೃಚ್ಛಕರು. ಒಬ್ಬರು ಇಂಥ ಅಕ್ಷರ ಬೇಡವೆಂದು ಹೆಜ್ಜೆಹೆಜ್ಜೆಗೆ ತಡೆಯುತ್ತಾರೆ, ಒಬ್ಬರು ಅಸಂಬದ್ಧವಾದ ಸಮಸ್ಯೆಯ ಸಾಲು ಕೊಟ್ಟು ಪೂರೈಸಿ ಎನ್ನುತ್ತಾರೆ, ಇನ್ನೊಬ್ಬರು ನಾಲ್ಕು ಹೊರಭಾಷೆಯ ಪದ ಕೊಟ್ಟು ಅವುಗಳಿಂದಲೇ ಪದ್ಯ ಕಟ್ಟಿ ಎನ್ನುತ್ತಾರೆ. ಅಪ್ರಸ್ತುತ ಪ್ರಸಂಗದವರು ನಡುನಡುವೆ ಬಾಯಿ ಹಾಕಿ ಅವಧಾನಿಯ ಗಮನ ಕದಡುತ್ತಿರುತ್ತಾರೆ. ಸಂಖ್ಯಾಬಂಧದವರು ಮೊತ್ತವನ್ನು ಮೊದಲೇ ಹೇಳಿ, ತಮಗೆ ತೋಚಿದಾಗ, ತಮಗೆ ತೋಚಿದ ಮನೆಯ ಅಂಕಿ ಕೇಳುತ್ತಾರೆ; ಐದೈದರ ಇಪ್ಪತ್ತೈದು ಮನೆಗಳು ಕ್ರಮ ತಪ್ಪಿ ತುಂಬುತ್ತ ಹೋಗುತ್ತವೆ. ಅಂದರೆ, ನಿಮ್ಮ ಮಾಯಾಚೌಕ ಅಲ್ಲಿ ಎಂಟರಲ್ಲಿ ಒಂದು. ಅದು ಪೂರ್ಣವಾದಾಗ ಸಭೆ ಚಪ್ಪಾಳೆ ತಟ್ಟುತ್ತದೆ, ಕಾರ್ಯಕ್ರಮ ಮುಂದುವರಿಯುತ್ತದೆ.

ಅವಧಾನ ಮುಗಿಯುವುದು ಧಾರಣದಿಂದ. ಸುತ್ತಿಗೊಂದೊಂದು ಪಾದದಂತೆ, ನಾಲ್ಕು ಸುತ್ತುಗಳಲ್ಲಿ ಚದುರಿಹೋದ ಪದ್ಯಗಳನ್ನೆಲ್ಲ ಅವಧಾನಿ ಕಾಗದ ಮುಟ್ಟದೆ, ಒಬ್ಬೊಬ್ಬ ಪೃಚ್ಛಕರ ಕಡೆಗೂ ತಿರುಗಿ, ಇಡಿಯಾಗಿ ಒಪ್ಪಿಸುತ್ತಾರೆ. ಶತಾವಧಾನಿ ಆರ್. ಗಣೇಶ್ ಅವರ ಅವಧಾನ ಕೇಳಿದವರಿಗೆ ಆ ಹೊತ್ತಿನ ಸಭೆ ಹೇಗಿರುತ್ತದೆಂದು ಹೇಳಬೇಕಿಲ್ಲ. ಅಷ್ಟು ಹೊತ್ತು ಕೀಟಲೆ ಮಾಡಿದ ಅಪ್ರಸ್ತುತದವರೂ ಸುಮ್ಮನಾಗುತ್ತಾರೆ. 2012ರಲ್ಲಿ ಬೆಂಗಳೂರಿನಲ್ಲಿ ಅವರು ಕನ್ನಡದಲ್ಲೇ ಶತಾವಧಾನ ಮಾಡಿದರು. ಎಂಟು ಮಂದಿಯ ಜಾಗದಲ್ಲಿ ನೂರು ಮಂದಿ, ಒಂದು ಸಂಜೆಯ ಜಾಗದಲ್ಲಿ ದಿನಗಟ್ಟಲೆ. ಮುಕ್ತಾಯ ಮಾತ್ರ ಅದೇ ಧಾರಣ.

ನಾನು ಗಮನಿಸಿ ಎನ್ನುವುದು ಇದನ್ನು: ಧಾರಣದಲ್ಲಿ ಹೊಸದೇನೂ ಬರುವುದಿಲ್ಲ. ಹೊಸ ಪ್ರಶ್ನೆಯಿಲ್ಲ, ಹೊಸ ಸವಾಲಿಲ್ಲ. ಸಭೆ ತಾನೇ ಕೊಟ್ಟದ್ದು, ಕೊಟ್ಟು ಅರ್ಧ ಮರೆತದ್ದು, ಪೂರ್ತಿಯಾಗಿ ಅದರ ಕೈಗೆ ಮರಳಿ ಬರುತ್ತದೆ. ಅವಧಾನಿಯದು ನಿಜವಾದ ಧೀಶಕ್ತಿ, ಮೆಂಟಲಿಸ್ಟನದು ಕಲೆಗಾಗಿ ಮಾಡುವ ಭ್ರಮೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಆದರೆ ಒಂದು ಸಂಜೆಯನ್ನು ಹೇಗೆ ಮುಗಿಸಬೇಕೆಂಬ ವಿದ್ಯೆಯನ್ನು ಮೆಂಟಲಿಸ್ಟರು ಧಾರಾಳವಾಗಿ ಅಲ್ಲಿಂದ ಕಲಿಯಬಹುದು. ಅಂಗಡಿಯಲ್ಲಿ ಸಿಗುವ ದುಬಾರಿ ಸಲಕರಣೆಗಳು ಇದನ್ನು ಕಲಿಸವು.

ಮಾಯಾಚೌಕವನ್ನು ಕೊನೆಯ ಐಟಂಗಿಂತ ಒಂದು ಮೊದಲು ಇಡಿ. ಕಛೇರಿಯಲ್ಲಿ ರಾಗ ತಾನ ಪಲ್ಲವಿಯ ಲೆಕ್ಕಾಚಾರವೆಲ್ಲ ಮುಗಿದ ಮೇಲೆ ದೇವರನಾಮಕ್ಕೆ ಜಾಗ ಬಿಡುತ್ತಾರಲ್ಲ, ಹಾಗೆ. ಬುದ್ಧಿ ದಣಿಯುವ ಹಾಗೆ ಒಮ್ಮೆ ಚಪ್ಪಾಳೆ ಆಗಲಿ. ಆಮೇಲೆ ಬರುವುದು ಮನುಷ್ಯರ ಐಟಂ ಆಗಿರಲಿ.

ಹೇಗೆಂದರೆ, ಪ್ರದರ್ಶನದ ಮೊದಲ ಭಾಗದಲ್ಲೇ ಮೂರು ನಾಲ್ಕು ಎಳೆಗಳನ್ನು ಉದ್ದೇಶಪೂರ್ವಕವಾಗಿ ಬಿಡಿಸದೆ ಉಳಿಸಿ. ಒಬ್ಬರು ತಮ್ಮ ಮೊದಲ ಮೇಷ್ಟರ ಹೆಸರು ನೆನೆಯಲಿ. ನೀವು ಅವರ ಮುಖ ನೋಡಿ, ಈಗ ಬೇಡ, ಆಮೇಲೆ ನೋಡೋಣ ಎಂದು ಕೂರಿಸಿ. ಇನ್ನೊಬ್ಬರು ಊರಿನ ಮನೆಯ ಹಳೆಯ ಲ್ಯಾಂಡ್‌ಲೈನ್ ನಂಬರು ನೆನೆಯಲಿ. ಮತ್ತೊಬ್ಬರು, ಯುಗಾದಿಯಲ್ಲವೆ, ಈ ಹಬ್ಬಕ್ಕೆ ಪಕ್ಕದಲ್ಲಿ ಇರಬೇಕಿತ್ತು ಎನಿಸುವ ಒಬ್ಬರನ್ನು ನೆನೆಯಲಿ. ಸಭೆ ಇವನ್ನು ಮರೆಯುತ್ತದೆ. ಅಥವಾ ನಿಮಗೆ ಸಾಧ್ಯವಾಗಲಿಲ್ಲವೆಂದು ಎಣಿಸುತ್ತದೆ. ಹಾಗೆ ಎಣಿಸಿದರೆ ಇನ್ನೂ ಒಳ್ಳೆಯದು. ಕೊನೆಯಲ್ಲಿ ಒಬ್ಬೊಬ್ಬರನ್ನೂ ಎದ್ದು ನಿಲ್ಲಲು ಹೇಳಿ, ಹಗುರವಾದದ್ದರಿಂದ ಆಪ್ತವಾದದ್ದರ ಕಡೆಗೆ ಸಾಗಿ. ಕಡೆಯ ಹೆಸರನ್ನು ಮೈಕಿನಲ್ಲಿ ಕೂಗಬೇಡಿ. ಸ್ಲೇಟಿನ ಮೇಲೆ ಬರೆದು, ಮೊದಲು ಅವರಿಗೊಬ್ಬರಿಗೇ ತೋರಿಸಿ. ಸಭೆಗೆ ತೋರಿಸಬಹುದೆ ಎಂದು ಕೇಳಿ. ಅವರು ಹೂಂ ಅಂದರೆ ಮಾತ್ರ ತಿರುಗಿಸಿ.

ಇದು ಅಪ್ಪಟ ಹಳೆಯ ಜಾಡು. 20ನೇ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಪೇಟ ಸುತ್ತಿಕೊಂಡು ಮೆರೆದ ಮೆಂಟಲಿಸ್ಟ್ ಅಲೆಗ್ಸಾಂಡರ್‌ನ ಮುಖ್ಯ ಆಕರ್ಷಣೆಯೂ ಸಭಿಕರು ಬರೆದು ಮುಚ್ಚಿದ ಪ್ರಶ್ನೆಗಳಿಗೆ ಉತ್ತರ ಹೇಳುವುದೇ ಆಗಿತ್ತು. ಆತ ಅದನ್ನು ದಿವ್ಯದೃಷ್ಟಿಯೆಂಬಂತೆ ಮಾರಿಕೊಂಡ; ನಮಗೆ ಆ ಭಾಗ ಬೇಡ.

ಗಂಡಾಂತರದ ಕಾವು ಬೇಕೇ ಬೇಕೆಂದರೆ ಕ್ರೆಸ್ಕಿನ್ ಅವರ ದಾರಿ ಹಿಡಿಯಿರಿ. 2024ರ ಡಿಸೆಂಬರಿನಲ್ಲಿ ತೀರಿಕೊಂಡ ಈ ಅಮೆರಿಕದ ಹಿರಿಯ ಮೆಂಟಲಿಸ್ಟರು ತಮ್ಮ ಸಂಭಾವನೆಯ ಚೆಕ್ಕನ್ನು ಸಭೆಯ ಕೈಗೇ ಕೊಟ್ಟು, ಎಲ್ಲಾದರೂ ಅಡಗಿಸಿ ಎನ್ನುತ್ತಿದ್ದರು. ಹುಡುಕಿದರೆ ಚೆಕ್ ಅವರದು, ಸೋತರೆ ಅಂದಿನ ದುಡಿಮೆ ಬಿಟ್ಟುಕೊಟ್ಟಂತೆ. ಸೋತದ್ದೂ ಉಂಟು. ಒಮ್ಮೆ ಒಬ್ಬರ ಕಟ್ಟಿಸಿದ ಹಲ್ಲುಸೆಟ್ಟಿನ ಅಡಿಯಿಂದ ಚೆಕ್ ಹೊರಬಂದದ್ದನ್ನು ಅವರು ಖುಷಿಯಿಂದ ಹೇಳಿಕೊಳ್ಳುತ್ತಿದ್ದರು. ಕೈ ಹಿಡಿದವರ ಸ್ನಾಯುಗಳ ಅರಿವಿಲ್ಲದ ಸೆಳೆತವನ್ನು ಓದುವ ಈ ವಿದ್ಯೆಯನ್ನು 19ನೇ ಶತಮಾನದಲ್ಲೇ ವಾಷಿಂಗ್ಟನ್ ಅರ್ವಿಂಗ್ ಬಿಷಪ್, ಸ್ಟುವರ್ಟ್ ಕಂಬರ್ಲೆಂಡ್ ಮೆರೆಸಿದ್ದರು. ಇಲ್ಲಿ ಪಣಕ್ಕಿಟ್ಟದ್ದು ಕಲಾವಿದನ ಸ್ವಂತದ್ದು. ಸಭೆಯೆಲ್ಲ ಒಂದು ಪಕ್ಷ, ಇವನೊಬ್ಬನೇ ಇನ್ನೊಂದು ಪಕ್ಷ. ಮಗುವಿಗೂ ಅರ್ಥವಾಗುತ್ತದೆ, ಮನೆಗೆ ಹೋಗಿ ಒಂದೇ ವಾಕ್ಯದಲ್ಲಿ ಹೇಳಲೂ ಬರುತ್ತದೆ. ಕೊನೆಯ ಐಟಂಗೆ ನಾನು ಇಡುವ ಪರೀಕ್ಷೆಯೇ ಈ ಒಂದು ವಾಕ್ಯ.

ಟರ್ಮಿನಲ್ಲಿನ ಪ್ರದರ್ಶನಕ್ಕೆ ಐಟಂ ಬದಲಾಗಬೇಕು. ಅಲ್ಲಿನವರಿಗೆ ಮೇಷ್ಟರ ಹೆಸರಿಗಿಂತ ಹತ್ತಿರದ್ದೊಂದಿದೆ: ಕಂಟೇನರ್ ನಂಬರು. ನಾಲ್ಕು ಅಕ್ಷರ, ಆರು ಅಂಕಿ, ಕೊನೆಗೊಂದು ತಾಳೆ ನೋಡುವ ಅಂಕಿ. 2011ರ ಫೆಬ್ರವರಿಯಲ್ಲಿ ಟರ್ಮಿನಲ್ ಉದ್ಘಾಟನೆಯಾದಾಗಿನಿಂದ ವಲ್ಲಾರ್ಪಾಡಂ ದ್ವೀಪದಲ್ಲಿ ಬದುಕು ನಡೆಯುವುದೇ ಈ ನಂಬರುಗಳ ಮೇಲೆ. ಎಂದೋ ತಲೆನೋವು ಕೊಟ್ಟ ಒಂದು ಕಂಟೇನರಿನ ನಂಬರನ್ನು ಸಹೋದ್ಯೋಗಿಯೊಬ್ಬರು ಮನಸ್ಸಿನಲ್ಲೇ ಹಿಡಿದುಕೊಂಡಿರಲಿ. ನೀವು ನಾಲ್ಕು ಅಕ್ಷರ, ಆರು ಅಂಕಿ ಬರೆದು ನಿಲ್ಲಿಸಿ. ಹನ್ನೊಂದನೆಯದನ್ನು ಬರೆಯಲೇಬೇಡಿ. ಅದು ಮೊದಲ ಹತ್ತರಿಂದ ಲೆಕ್ಕ ಹಾಕಿ ಬರುವಂಥದು ಎಂದು ಆ ಸಭೆಗೆ ಗೊತ್ತು. ಅದನ್ನು ನೀವೂ ಹೇಳಿದರೆ ಮೆಚ್ಚುಗೆ ತಗ್ಗುತ್ತದೆ. ಲೆಕ್ಕ ಹಾಕಿ ತಾಳೆ ನೋಡುವ ಕೆಲಸವನ್ನು ಸಭೆಗೇ ಬಿಡಿ. ಅವರ ಕಸುಬೇ ನಿಮ್ಮ ಪ್ರಯೋಗಕ್ಕೆ ಮುದ್ರೆ ಒತ್ತುತ್ತದೆ.

ಒಂದು ಎಚ್ಚರಿಕೆ, ಇದನ್ನು ಗಂಭೀರವಾಗಿಯೇ ಹೇಳುತ್ತಿದ್ದೇನೆ. 2016ರಲ್ಲಿ ಜಯಸೂರ್ಯ ಮೆಂಟಲಿಸ್ಟನಾಗಿ ನಟಿಸಿದ ‘ಪ್ರೇತಂ’ ಬಂದ ಮೇಲೆ ಮಲಯಾಳಿಗಳಿಗೆ ಈ ಕಲೆಯ ಹೆಸರು ಚಿರಪರಿಚಿತ. ಆ ಚಿತ್ರದಲ್ಲಿ ದೆವ್ವ ಉಂಟು. ನಿಮ್ಮ ಪ್ರದರ್ಶನದಲ್ಲಿ ದೆವ್ವವಾಗಲಿ ದೈವವಾಗಲಿ ಬರಬಾರದು. ನೀವಿರುವುದು ವಲ್ಲಾರ್ಪಾಡತ್ತಮ್ಮನ, ಅಂದರೆ ಅಲ್ಲಿನ ಚರ್ಚಿನ ಮೇರಿ ಮಾತೆಯ, ಸನ್ನಿಧಿಯಲ್ಲಿ. 1752ರಲ್ಲಿ ಬಿರುಗಾಳಿಗೆ ಹಿನ್ನೀರಿನಲ್ಲಿ ದೋಣಿ ಮುಳುಗಿ, ಮೀನಾಕ್ಷಿ ಅಮ್ಮ ಎಂಬವರು ಮತ್ತು ಅವರ ಕೂಸು ಮೂರು ದಿನದ ಮೇಲೆ ಬದುಕಿ ಬಂದರೆಂಬ ನಂಬಿಕೆ ಅಲ್ಲಿಯದು. ಸೆಪ್ಟೆಂಬರ್ 24ರ ಹಬ್ಬಕ್ಕೆ ಎಲ್ಲ ಮತದವರೂ ಹರಕೆ ಹೊತ್ತು ಬರುತ್ತಾರೆ. ಆ ಶ್ರದ್ಧೆಯನ್ನು ರಂಗದ ಸಾಮಾನು ಮಾಡಿಕೊಳ್ಳಬೇಡಿ.

ಅದೇ ಕೇರಳದ ತಿರುವಲ್ಲದಲ್ಲಿ 1898ರಲ್ಲಿ ಹುಟ್ಟಿದ ಅಬ್ರಹಾಂ ಕೋವೂರ್ ಅವರನ್ನೂ ನೆನೆಯಿರಿ. ಶ್ರೀಲಂಕಾದಲ್ಲಿ ನೆಲೆಸಿದ್ದ ಅವರು, ಮುಚ್ಚಿದ ಲಕೋಟೆಯೊಳಗಿನ ನೋಟಿನ ಸಂಖ್ಯೆಯನ್ನು ಮೋಸವಿಲ್ಲದೆ ಓದಿದವರಿಗೆ ಒಂದು ಲಕ್ಷ ರೂಪಾಯಿ ಎಂದು 1963ರಿಂದ ಸಾಯುವವರೆಗೆ ಸವಾಲು ಹಾಕಿದ್ದರು. ಆ ಹಣವನ್ನು ಯಾರೂ ಗೆಲ್ಲಲಿಲ್ಲ. ಮೆಂಟಲಿಸ್ಟರು ರಂಗದ ಮೇಲೆ ಅದೇ ನೋಟಿನ ಸಂಖ್ಯೆಯನ್ನು ನಿತ್ಯ ಓದುತ್ತಾರೆ. ಎರಡಕ್ಕೂ ಇರುವ ಅಂತರವನ್ನು ಸಭೆಗೆ ಬಿಡಿಸಿ ಹೇಳುವುದು ನಿಮ್ಮ ಹೊಣೆ. ಅಗಲಿದವರ ಹೆಸರು ಬಂದಾಗ ಇದು ಇನ್ನೂ ಮುಖ್ಯ. ಅವರು ನಿಮ್ಮ ಮೂಲಕ ಮಾತಾಡಿದರೆಂಬ ಛಾಯೆಯೂ ಸುಳಿಯಬಾರದು. ಇದು ಅಭ್ಯಾಸದಿಂದ ಬಂದ ಕಲೆ, ನನಗೆ ಯಾವ ಶಕ್ತಿಯೂ ಇಲ್ಲ ಎಂಬ ಮಾತನ್ನು ಕೊನೆಯ ಐಟಂಗೆ ಮುಂಚೆಯೇ, ಎಲ್ಲರಿಗೂ ಕೇಳುವ ಹಾಗೆ ಹೇಳಿ. ಹೇಳಿದರೆ ಪರಿಣಾಮ ಕುಗ್ಗುತ್ತದೆಂಬ ಭಯ ಹಲವರಿಗಿದೆ. ನಾನು ಕಂಡಂತೆ ಕುಗ್ಗುವುದಿಲ್ಲ.

ಕೂಟಕ್ಕೆ ಧಾರಣದ ಮಾದರಿ, ಟರ್ಮಿನಲ್ಲಿಗೆ ಕಂಟೇನರ್ ನಂಬರು. ಎರಡನ್ನೂ ಮೊದಲು ಮನೆಯವರ ಮುಂದೆ, ಚಪ್ಪಾಳೆ ತಟ್ಟುವ ಮುಲಾಜಿಲ್ಲದವರ ಮುಂದೆ ಮಾಡಿ ನೋಡಿ. ಆದದ್ದನ್ನು ನನಗೆ ಬರೆಯಿರಿ. ಉಳಿದ ಓದುಗರೂ, ವಿಶೇಷವಾಗಿ ಕಾಸರಗೋಡು, ಮಂಗಳೂರು ಕಡೆಯವರು, ತಾವು ಕಂಡ ಜಾದೂ ಪ್ರದರ್ಶನಗಳಲ್ಲಿ ಇಂದಿಗೂ ನೆನಪಿರುವ ಕೊನೆಯ ಐಟಂ ಯಾವುದೆಂದು ಒಂದೇ ವಾಕ್ಯದಲ್ಲಿ ಬರೆದು ಕಳಿಸಿ.