ಭಾಷೆ ಹೋದ ಮೇಲೆ ಹಕ್ಕು ಕೇಳೋರು ಯಾರು?

ಅಬ್ಖಾಜ್ ಲೇಖಕ ಬಗ್ರಾತ್ ಶಿಂಕುಬಾ ಅವರ 'ಅಗಲಿದವರಲ್ಲಿ ಕೊನೆಯವನು' (1974) ಕಾದಂಬರಿ ಉಬಿಖ್ ಜನರ ಕಥೆ. ಸರ್ಕೇಷಿಯನ್ನರ ನೆಂಟ ಜನಾಂಗವಾದ ಇವರು ಸೋಚಿ ಸುತ್ತಲಿನವರು. 1864ರಲ್ಲಿ ರಷ್ಯಾದ ಝಾರ್ ಸೈನ್ಯ ಗೆದ್ದ ಮೇಲೆ ಹೆಚ್ಚುಕಡಿಮೆ ಇಡೀ ಜನಾಂಗವೇ ಹಡಗು ಹತ್ತಿ ಒಟ್ಟೋಮನ್ ನಾಡಿಗೆ ಹೋಗಬೇಕಾಯಿತು. ಮುದುಕ ಜೌರ್ಕಾನ್ ಜೋಲಾಕ್ ಅದನ್ನೆಲ್ಲ ಒಬ್ಬ ಭಾಷಾ ವಿದ್ವಾಂಸನಿಗೆ ಹೇಳ್ತಾ ಹೋಗ್ತಾನೆ.

ಇಂಥ ಕಥೆಯನ್ನು 'ಝಾರನ ಜುಲುಮೆ, ಖಲೀಫನ ಆಸರೆ' ಅಂತ ಎರಡೇ ಮಾತಲ್ಲಿ ಮುಗಿಸೋ ರೂಢಿ ನಮ್ಮಲ್ಲಿದೆ. ಶಿಂಕುಬಾ ಹಾಗೆ ಮುಗಿಸೋದಿಲ್ಲ. ಆಸರೆ ಸಿಕ್ಕ ನಾಡಲ್ಲೇ ಭಾಷೆ ಸಾಯುತ್ತೆ. ನಿಜದಲ್ಲೂ ಹಾಗೇ ಆಯ್ತು. ಉಬಿಖ್ ಚೆನ್ನಾಗಿ ಬಲ್ಲ ಕೊನೆಯ ವ್ಯಕ್ತಿ ತೆವ್‌ಫಿಕ್ ಎಸೆಂಚ್ 1992ರಲ್ಲಿ ಟರ್ಕಿಯಲ್ಲಿ ತೀರಿಕೊಂಡರು. ನಮಾಜು ಉಳಿಯಿತು, ಮಾತು ಉಳಿಯಲಿಲ್ಲ.

ಆದರೂ ಒಂದು ತಕರಾರಿದೆ. ಕೊನೆಯವನಿಗಾಗಿ ಕಣ್ಣೀರು ಹಾಕಿದ ಓದುಗ, ಎಲ್ಲ ಮುಗಿದೇಹೋಯ್ತು ಅಂದುಕೊಳ್ತಾನೆ. ಮುಗಿದಿಲ್ಲ. ಟರ್ಕಿ, ಜೋರ್ಡಾನ್, ಸಿರಿಯಾ, ಇಸ್ರೇಲ್‌ಗಳಲ್ಲಿ ಸರ್ಕೇಷಿಯನ್ನರು ಇದ್ದಾರೆ. ನಡೆದದ್ದು ನರಮೇಧ ಅಂತ ಒಪ್ಪಿಕೊಳ್ಳಿ, ತಾಯ್ನಾಡಿಗೆ ಮರಳೋಕೆ ಬಿಡಿ, ನಮ್ಮ ಭಾಷೆ ಕಲಿಸಿ ಅಂತ ಕೇಳ್ತಿದ್ದಾರೆ. ಕೆಲವರು ಸ್ವಾತಂತ್ರ್ಯವನ್ನೂ ಕೇಳ್ತಾರೆ. ಜಾರ್ಜಿಯಾ ಸಂಸತ್ತು 2011ರಲ್ಲಿ ಅದನ್ನು ನರಮೇಧ ಅಂತ ಒಪ್ಪಿತು. 2014ರ ಸೋಚಿ ಒಲಿಂಪಿಕ್ಸ್ ವಿರುದ್ಧ ಅವರು ಬೀದಿಗಿಳಿದರು. ಕಾರಣ ಇತ್ತು: ಸ್ಕೀ ಸ್ಪರ್ಧೆಗಳು ನಡೆದ ಕ್ರಾಸ್ನಾಯಾ ಪೊಲ್ಯಾನಾದಲ್ಲೇ 1864ರ ವಿಜಯ ಕವಾಯತು ನಡೆದಿತ್ತು.

ಈ ಕಾದಂಬರಿಯನ್ನು ವಿದ್ಯಾರ್ಥಿಗಳು ಎಚ್ಚರಿಕೆಯಾಗಿ ಓದಬೇಕು. ದೀನ್ ಒಂದೇ ಆದ ಮಾತ್ರಕ್ಕೆ ಭಾಷೆ ತಾನಾಗಿ ಉಳಿಯೋದಿಲ್ಲ. ಅದರ ಹಕ್ಕನ್ನು ಬೇರೆಯಾಗಿ ಕೇಳಬೇಕು, ಮಾತಾಡೋರು ಇರುವಾಗಲೇ ಕೇಳಬೇಕು.