ತೀರ್ಪಿಗೆ ಮೊದಲಿನ ಶಿಕ್ಷೆ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತು ನಮ್ಮಲ್ಲಿದೆಯಷ್ಟೆ. ಮ್ಯಾಲ್ಕಮ್ ಫೀಲಿಯವರ ‘ದಿ ಪ್ರೊಸೆಸ್ ಈಸ್ ದಿ ಪನಿಶ್‌ಮೆಂಟ್’ (1979) ಅಮೆರಿಕದ ನ್ಯೂ ಹೇವನ್ ಊರಿನ ಕೆಳಹಂತದ ಕ್ರಿಮಿನಲ್ ಕೋರ್ಟಿನಲ್ಲಿ ಅದನ್ನೇ ಲೆಕ್ಕ ಹಾಕಿ ತೋರಿಸುತ್ತದೆ. ಆರೋಪ ಸಣ್ಣದು, ದಂಡವೂ ಸಣ್ಣದು. ಆದರೆ ಜಾಮೀನಿನ ಹಣ, ವಕೀಲರ ಫೀಸು, ತಪ್ಪಿದ ದಿನಗೂಲಿ, ಮತ್ತೆ ಮತ್ತೆ ಬೀಳುವ ವಾಯಿದೆ - ಇವೇ ನಿಜವಾದ ಶಿಕ್ಷೆ. ಹಕ್ಕು ಚಲಾಯಿಸುವುದೇ ದುಬಾರಿಯಾದಾಗ ಜನ ತಪ್ಪೊಪ್ಪಿಕೊಂಡು ಮನೆಗೆ ಹೋಗುತ್ತಾರೆ. ವಿಧಿವಿಧಾನಗಳು ಹೆಚ್ಚಿದಷ್ಟೂ ನ್ಯಾಯ ಹೆಚ್ಚುತ್ತದೆಂಬ ನಂಬಿಕೆಯನ್ನೇ ಫೀಲಿ ಪ್ರಶ್ನಿಸುತ್ತಾರೆ. ಪುಸ್ತಕದ ಹೆಚ್ಚುಗಾರಿಕೆ ಇದು.

ಈ ಶೀರ್ಷಿಕೆ ಈಗ ಭಾರತದಲ್ಲೂ ಗಾದೆಯಂತಾಗಿದೆ. 2022ರಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರೂ ಜೈಪುರದ ಭಾಷಣದಲ್ಲಿ ಅದೇ ಮಾತಾಡಿದರು. ಆದರೆ ಫೀಲಿಯವರ ವಾದ ಅಲ್ಲಿಗೆ ಪೂರ್ತಿ ಹೊಂದುವುದಿಲ್ಲ. ಅದೇ 1979ರಲ್ಲಿ ಹುಸೇನಾರಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಬಿಹಾರದ ಕೈದಿಗಳಲ್ಲಿ, ಅಪರಾಧಕ್ಕಿದ್ದ ಗರಿಷ್ಠ ಶಿಕ್ಷೆಗಿಂತಲೂ ಹೆಚ್ಚು ಕಾಲ ಜೈಲಿನಲ್ಲಿ ಕೊಳೆತವರಿದ್ದರು. ನ್ಯೂ ಹೇವನ್ನಿನವರಿಗೆ ಕೋರ್ಟಿನ ಅಲೆದಾಟ ಭಾರವಾಗಿತ್ತು. ಇವರಿಗೆ ವಿಚಾರಣೆ ಶುರುವೇ ಆಗಿರಲಿಲ್ಲ. ಶೀರ್ಷಿಕೆಯನ್ನಷ್ಟೇ ಎರವಲು ತಂದರೆ ಈ ಅಂತರ ಮರೆಯಾಗುತ್ತದೆ. ಪುಸ್ತಕವನ್ನು ಪೂರ್ತಿ ಓದಬೇಕಾದದ್ದು ಅದಕ್ಕೇ.